ಕೆಂಪು ದೀಪದ ಸುಳ್ಳು

ಬೀದಿಯ ಜನ ಅವಳಿಗೆ ಇಟ್ಟ ಹೆಸರು ‘ನಂಬರ್ ಪ್ಲೀಸ್’. ಅದು ಬೆನ್ನ ಹಿಂದೆ. ಎದುರಿಗೆ ಸಿಕ್ಕರೆ ‘ನಂಬರಕ್ಕ’. ಇಪ್ಪತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಎರಡನೇ ಮಹಡಿಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ‘ನಂಬರ್ ಪ್ಲೀಸ್’ ಎಂದು ಕೇಳುತ್ತ, ಎದುರಿನ ಬೋರ್ಡಿನ ತೂತುಗಳಿಗೆ ವೈರಿನ ಪಿನ್ನು ಚುಚ್ಚುತ್ತ, ಈ ಊರಿನವರಿಗೆ ಆ ಊರಿನವರನ್ನು ಜೋಡಿಸಿಕೊಟ್ಟವಳು. ಯಂತ್ರವೇ ಜೋಡಿಸುವ ಕಾಲ ಬಂದಾಗ ಬೋರ್ಡುಗಳನ್ನು ಕಳಚಿ ಲಾರಿಗೆ ಹೇರಿದರು. ಅವಳನ್ನು ಕೆಳಗಿನ ಮಹಡಿಯ ದೂರು ವಿಭಾಗಕ್ಕೆ ಹಾಕಿದರು. ಅಲ್ಲಿ ಹತ್ತು ವರ್ಷ, ಯಾರ ಮನೆಯ ಫೋನು ಸತ್ತಿದೆ ಎಂದು ಬರೆದುಕೊಂಡು ಕುಳಿತಳು. ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದಾಗ ವಯಸ್ಸು ಐವತ್ತೆರಡು.

ಗಂಡ ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಮಾತು ಕಡಿಮೆ. ಮಗಳು ಮದುವೆಯಾಗಿ ದೂರ ಹೋಗಿದ್ದಳು. ಹಾಗಾಗಿ ನಂಬರಕ್ಕನ ಮಾತಿಗೆ ಇದ್ದವಳು ಒಬ್ಬಳೇ, ತಂಗಿ.

ತಂಗಿ ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವಳು. ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದ ಕೂಸು. ಈಗ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ವಿಜ್ಞಾನ, ತಂತ್ರಜ್ಞಾನ ಮತ್ತು ಸಮಾಜ ಎಂಬ ವಿಭಾಗ ಅವಳದು. ಒಂದು ಯಂತ್ರ ಬಂದರೆ ಜನ ಬದುಕುವ ರೀತಿ ಹೇಗೆ ಬದಲಾಗುತ್ತದೆ, ಜನ ಆ ಯಂತ್ರವನ್ನು ಹೇಗೆ ಬದಲಾಯಿಸುತ್ತಾರೆ ಎಂಬುದನ್ನು ಅಲ್ಲಿ ಓದಿಸುತ್ತಿದ್ದರು. ಹೆಸರಿನ ಮುಂದೆ ಡಾಕ್ಟರ್ ಅಂತ ಇದ್ದದ್ದರಿಂದ ಬೀದಿಯ ಮುದುಕಿಯೊಬ್ಬಳು ಅವಳು ಬಂದಾಗಲೆಲ್ಲ ಮೊಣಕಾಲು ತೋರಿಸುತ್ತಿದ್ದಳು. “ನಾನು ಆ ಡಾಕ್ಟರ್ ಅಲ್ಲ ಅಜ್ಜಿ” ಅಂದರೆ, “ಮತ್ತೆ ಇಷ್ಟೆಲ್ಲ ಓದಿ ಏನುಪಯೋಗ?” ಎಂದು ಮುದುಕಿ ಕಾಲು ಒಳಗೆಳೆದುಕೊಳ್ಳುತ್ತಿದ್ದಳು. ನಂಬರಕ್ಕನಿಗೆ ಇದು ಬಹಳ ಹಿಡಿಸುತ್ತಿತ್ತು. ಎಷ್ಟು ಹಿಡಿಸುತ್ತಿತ್ತು ಅಂದರೆ, ತಂಗಿ ಬರುವ ಹೊತ್ತಿಗೆ ಮುದುಕಿ ಹೊರಗೆ ಕುಳಿತಿದ್ದಾಳೋ ಇಲ್ಲವೋ ಎಂದು ಒಮ್ಮೊಮ್ಮೆ ಕಿಟಕಿಯಿಂದ ಇಣುಕಿ ನೋಡುತ್ತಿದ್ದಳು.

ಹೊಟ್ಟೆಕಿಚ್ಚು ಅಂತ ಅದಕ್ಕೆ ಹೆಸರಿಡಲು ಅವಳು ಆಗ ಒಪ್ಪುತ್ತಿರಲಿಲ್ಲ.

ತಂಗಿ ಪ್ರತಿ ಭಾನುವಾರ ಬರುತ್ತಿದ್ದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಅಕ್ಕನ ಎಕ್ಸ್‌ಚೇಂಜಿನ ಕತೆ ಕೇಳುತ್ತಿದ್ದಳು. ದಿನಕ್ಕೊಮ್ಮೆ ಫೋನ್ ಮಾಡಿ, ಯಾರೂ ಎತ್ತದ ನಂಬರನ್ನೇ ಕೇಳುತ್ತಿದ್ದ ಮುದುಕನ ಕತೆ. ಮುಖ ನೋಡದೆ ಹದಿನಾಲ್ಕು ವರ್ಷ ಗೆಳತಿಯಾಗಿದ್ದ ಬೇರೆ ಊರಿನ ಆಪರೇಟರಳ ಕತೆ. ಅಕ್ಕ ತರಕಾರಿ ಹೆಚ್ಚುತ್ತ ಹೇಳುತ್ತಿದ್ದಳು, ತಂಗಿ ಮಂಡಿಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಗೀಚುತ್ತಿದ್ದಳು. ಯಾಕೆ ಬರೆದುಕೊಳ್ಳುತ್ತಾಳೆ ಎಂದು ಅಕ್ಕ ಕೇಳಲೇ ಇಲ್ಲ. ತನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳುವವರು ಇದ್ದಾರಲ್ಲ, ಅಷ್ಟೇ ಸಾಕು ಅನಿಸುತ್ತಿತ್ತು.

ಒಂದು ದಿನ ತಂಗಿ, “ಯೂನಿವರ್ಸಿಟೀಲಿ ನನ್ನ ಉಪನ್ಯಾಸ ಇದೆ, ಭಾವನ್ನ ಕರ್ಕೊಂಡು ಬಾ” ಅಂದಳು. ಭಾವ ಅಂಗಡಿ ಬಿಟ್ಟು ಬರಲಿಲ್ಲ. ನಂಬರಕ್ಕ ಒಬ್ಬಳೇ ಹೋದಳು.

ಸಭಾಂಗಣ ತುಂಬಿತ್ತು. ಮೆಟ್ಟಿಲುಗಳ ಮೇಲೂ ಹುಡುಗ ಹುಡುಗಿಯರು ಕುಳಿತಿದ್ದರು. ತಂಗಿ ಮೈಕಿನ ಮುಂದೆ ನಿಂತು, ಒಂದು ಚೀಟಿಯನ್ನೂ ನೋಡದೆ ಒಂದು ಗಂಟೆ ಮಾತಾಡಿದಳು. ಹಿಂದಿನ ಪರದೆಯ ಮೇಲೆ ಹಳೆಯ ಬೋರ್ಡುಗಳ ಚಿತ್ರ. ನಡುನಡುವೆ, “ಒಬ್ಬ ಆಪರೇಟರ್ ನನಗೆ ಹೇಳಿದಂತೆ” ಎನ್ನುವಳು. ಆಮೇಲೆ ಅವಳ ಮಾತಿನಲ್ಲಿ ಆ ಮುದುಕ ಬಂದ. ಆ ಗೆಳತಿ ಬಂದಳು. ಸಭೆ ನಕ್ಕಿತು, ಒಮ್ಮೆ ಗಪ್‌ಚುಪ್ಪಾಯಿತು. ಕೊನೆಗೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಂಬರಕ್ಕನೂ ತಟ್ಟಿದಳು. ಪಕ್ಕದಲ್ಲಿದ್ದ ಹುಡುಗಿ ಕಣ್ಣೊರೆಸಿಕೊಳ್ಳುತ್ತ, “ಎಷ್ಟು ಚೆನ್ನಾಗಿ ಕಟ್ಟಿಕೊಟ್ರು ಅಲ್ವಾ?” ಅಂದಳು.

“ಹೌದು. ಚೆನ್ನಾಗಿ ಕಟ್ಟಿದ್ಲು” ಅಂದಳು ನಂಬರಕ್ಕ.

ಬಸ್ಸಿನಲ್ಲಿ ಬರುವಾಗ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು. ಮುದುಕ ನನ್ನವನು. ಗೆಳತಿ ನನ್ನವಳು. ಕಿವಿಯ ಹಿಂದೆ ಹೆಡ್‌ಫೋನ್ ಒತ್ತಿ ಒತ್ತಿ ಕಪ್ಪುಗಟ್ಟಿದ ಚರ್ಮ ನನ್ನದು. ಚಪ್ಪಾಳೆ ಮಾತ್ರ ಅವಳದು. ನಾನು ಯಾರು? ‘ಒಬ್ಬ ಆಪರೇಟರ್’. ತಂಗಿ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಸಂಶೋಧನೆಯಲ್ಲಿ ಹೆಸರು ಹೇಳಬಾರದು ಎಂಬ ನಿಯಮವಿದೆ ಎಂದು ವೇದಿಕೆಯ ಮೇಲೆಯೇ ಹೇಳಿಯೂ ಇದ್ದಳು. ಅದರಿಂದ ಉರಿ ಇನ್ನೂ ಹೆಚ್ಚಾಯಿತು. ಬೈಯಲು ಒಂದು ತಪ್ಪಾದರೂ ಸಿಕ್ಕಿದ್ದರೆ ಆಗುತ್ತಿತ್ತು.

ಮುಂದಿನ ಭಾನುವಾರ ತಂಗಿ ಬಂದಾಗ ಮುಖ ಅರಳಿತ್ತು. ಆ ಉಪನ್ಯಾಸವನ್ನೇ ಲೇಖನ ಮಾಡುತ್ತಿದ್ದೇನೆ ಅಂದಳು. “ಅಕ್ಕಾ, ಇನ್ನೊಂದು ವಿಷಯ ಬೇಕಿತ್ತು. ಆ ಬೋರ್ಡು ನಿಮ್ಮನ್ನ ಹೇಗೆ ಹಿಡಿತದಲ್ಲಿ ಇಟ್ಕೊಂಡಿತ್ತು? ಅಂದ್ರೆ, ನೀವು ಎದ್ದು ಹೋಗೋದು, ಬರೋದು, ಇದನ್ನೆಲ್ಲ ಹೇಗೆ ನೋಡ್ತಿದ್ರು? ಅಂಥದ್ದೇನಾದ್ರೂ ನೆನಪಿದೆಯಾ?”

ನಂಬರಕ್ಕ ಪಾತ್ರೆ ಉಜ್ಜುತ್ತಿದ್ದಳು. ಬೆನ್ನು ತಿರುಗಿಸಿಯೇ ಇದ್ದಳು.

“ಇತ್ತಲ್ಲ. ಕೆಂಪು ದೀಪ.”

“ಕೆಂಪು ದೀಪ?”

“ಪ್ರತಿ ಬೋರ್ಡಿನ ನೆತ್ತಿ ಮೇಲೆ ಒಂದು. ಯಾರಾದ್ರೂ ಬಾತ್‌ರೂಮಿಗೆ ಅಂತ ಎದ್ರೆ ಸೂಪರ್‌ವೈಸರ್ ತನ್ನ ಮೇಜಿಂದ ಸ್ವಿಚ್ ಒತ್ತೋಳು. ವಾಪಸ್ ಬಂದು ಕೂರೋವರೆಗೂ ಉರೀತಾ ಇರೋದು. ಇಡೀ ಹಾಲಿಗೆ ಕಾಣ್ಬೇಕು. ನಾಚಿಕೆಗೆ ಹುಡುಗೀರು ನೀರೇ ಕುಡೀತಿರ್ಲಿಲ್ಲ.”

ತಂಗಿಯ ಪೆನ್ನು ನಿಂತೇಬಿಟ್ಟಿತು. “ಅಯ್ಯೋ ಅಕ್ಕಾ, ಇಷ್ಟು ವರ್ಷ ಇದನ್ನ ಹೇಳೇ ಇಲ್ವಲ್ಲ ನೀನು!”

“ಹೇಳೋ ವಿಷಯಾನಾ ಇದು?” ಅಂದಳು ನಂಬರಕ್ಕ.

ಶುದ್ಧ ಸುಳ್ಳು. ಕೆಂಪು ದೀಪ ಇದ್ದದ್ದು ನಿಜ, ಅದು ಕರೆಂಟು ಹೋದಾಗ ಹತ್ತುತ್ತಿದ್ದ ದೀಪ. ಸೂಪರ್‌ವೈಸರಮ್ಮನೋ, ಯಾರಾದರೂ ಏಳಬೇಕಾದರೆ ತಾನೇ ಬಂದು ಆ ಕುರ್ಚಿಯಲ್ಲಿ ಕುಳಿತು ಕಾಲ್ ಜೋಡಿಸುತ್ತಿದ್ದ ಹೆಂಗಸು. ನಂಬರಕ್ಕ ಬಸುರಿಯಾಗಿದ್ದಾಗ ಆಯಮ್ಮ ದಿನಕ್ಕೆ ಎಂಟು ಸಲ ಹಾಗೆ ಬಂದು ಕುಳಿತಿದ್ದಳು, ಒಂದು ದಿನವೂ ಮುಖ ಸಿಂಡರಿಸಿರಲಿಲ್ಲ.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಅವಳು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ತಂಗಿ ನಂಬುತ್ತಾಳೋ ನೋಡೋಣ ಅನ್ನಿಸಿತ್ತು. ನಂಬಿ ಒಂದು ವಾರ ಕುಣಿದಾಡಲಿ, ಬರುವ ಭಾನುವಾರ ‘ತಮಾಷೆಗೆ ಅಂದೆ ಕಣೆ, ಏನೂ ವಿಚಾರಿಸದೆ ಬರ್ಕೊಂಡ್ಯಲ್ಲ’ ಎಂದು ಮೂಗು ಕೊಯ್ದು ಕೈಗೆ ಕೊಡಬೇಕು ಎಂದಿತ್ತು. ಆದರೆ ಮುಂದಿನ ಭಾನುವಾರ ತಂಗಿ ಬರಲಿಲ್ಲ. ಅದರ ಮುಂದಿನ ವಾರ ವಿಚಾರ ಸಂಕಿರಣಕ್ಕೆಂದು ವಿಮಾನ ಹತ್ತಿದಳು. ತಿಂಗಳಾಯಿತು. ಹೇಳುವ ಹೊತ್ತು ಜಾರಿಹೋಯಿತು.

ಅಷ್ಟರಲ್ಲಿ ನಂಬರಕ್ಕ ಇನ್ನೊಂದು ಕೆಲಸ ಮಾಡಿದ್ದಳು. ಪೇಪರಿನಲ್ಲಿ ವಿಶ್ವವಿದ್ಯಾಲಯದ ಪ್ರವೇಶದ ಪ್ರಕಟಣೆ ನೋಡಿ, ತಂಗಿಯ ವಿಭಾಗದ ಎಂ.ಎ.ಗೇ ಅರ್ಜಿ ಹಾಕಿದ್ದಳು. ಪಾಳಿ ಕೆಲಸದ ನಡುವೆ ಅಂಚೆಯ ಮೂಲಕ ಓದಿದ ಬಿ.ಎ. ಅವಳ ಬಳಿ ಇತ್ತು.

ಗಂಡ ಭೂತಗನ್ನಡಿ ತೆಗೆಯದೆಯೇ ಕೇಳಿದ. “ಓದೋ ಆಸೆಯೋ, ತಂಗಿ ಮೇಲಿನ ಹಟವೋ?”

“ಎರಡೂ.”

“ಹಟ ಜಾಸ್ತಿ ಇದ್ರೆ ಬೇಗ ಸವೆಯುತ್ತೆ, ನೋಡ್ಕೋ” ಅಂದು ಅವನು ಒಂದು ಪುಟ್ಟ ಚಕ್ರವನ್ನು ಊದಿದ.

ತಂಗಿಗೆ ಮಾತ್ರ ಹೇಳತೀರದ ಸಂತೋಷ. ಅಕ್ಕನ ಉತ್ತರಪತ್ರಿಕೆ ತಾನು ಮುಟ್ಟುವುದಿಲ್ಲ ಎಂದು ವಿಭಾಗಕ್ಕೆ ಬರೆದುಕೊಟ್ಟಳು, ಒಂದು ಹೊಸ ಚೀಲ ತಂದುಕೊಟ್ಟಳು. ಆ ಚೀಲವನ್ನು ನಂಬರಕ್ಕ ಬೀರುವಿನ ಮೇಲೆ ಎಸೆದು ಹಳೆಯ ಬಟ್ಟೆಚೀಲವನ್ನೇ ಹೆಗಲಿಗೇರಿಸಿದಳು.

ತರಗತಿಯಲ್ಲಿ ಅವಳೂ ಸೇರಿ ಇಪ್ಪತ್ತಮೂರು ಜನ. ಉಳಿದವರೆಲ್ಲ ಅವಳ ಮಗಳಿಗಿಂತ ಚಿಕ್ಕವರು. ಮೊದಲ ದಿನ ಅವಳು ಒಳಗೆ ಕಾಲಿಟ್ಟಾಗ ಪ್ರೊಫೆಸರ್ ಎಂದುಕೊಂಡು ಅರ್ಧ ತರಗತಿ ಎದ್ದು ನಿಂತಿತು. “ಕೂತ್ಕೊಳ್ಳಿ, ನಾನೂ ನಿಮ್ಮ ಥರಾನೇ” ಅಂದು ಅವಳು ಹಿಂದಿನ ಬೆಂಚಿಗೆ ಹೋದಳು.

ಓದು ಅವಳಿಗೆ ನಿಜಕ್ಕೂ ರುಚಿಸಿತು. ಹೊಲಿಗೆ ಯಂತ್ರ ಮನೆಗೆ ಬಂದಾಗ ಹೆಂಗಸರ ಕೆಲಸ ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ವಾರಗಟ್ಟಲೆ ವಾದ ನಡೆಯಿತು. ಗೋಡೆ ಗಡಿಯಾರ ಬರುವ ಮೊದಲು ಜನ ‘ತಡವಾಯಿತು’ ಎಂಬುದನ್ನು ಹೇಗೆ ಅಳೆಯುತ್ತಿದ್ದರು ಎಂಬ ಪ್ರಬಂಧವನ್ನು ಅವಳು ಗಂಡನ ಪಕ್ಕದಲ್ಲೇ ಕುಳಿತು ಬರೆದಳು. ಅದಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಆದರೆ ಆ ಸಂತೋಷ ಕಾರಿಡಾರಿನವರೆಗೂ ಉಳಿಯಲಿಲ್ಲ. ಅಲ್ಲಿ ತಂಗಿಯ ಸುತ್ತ ನಾಲ್ಕು ಹುಡುಗಿಯರು ನಿಂತಿದ್ದರು. ತಂಗಿ ಏನೋ ಅಂದಳು, ನಾಲ್ವರೂ ನಕ್ಕರು. ಆ ಸಲೀಸು! ತಾನು ರಾತ್ರಿ ಹಗಲು ಉರುಹೊಡೆದ ಪದಗಳು ಇವಳ ಬಾಯಿಂದ ಅಂಗಳದಲ್ಲಿ ಕಾಳು ಹರಡಿದಷ್ಟು ಸುಲಭವಾಗಿ ಬೀಳುತ್ತವೆ. ನಂಬರಕ್ಕ ಬೇರೆ ಮೆಟ್ಟಿಲು ಇಳಿದು ಮನೆಗೆ ಹೋದಳು.

ಎರಡನೇ ಸೆಮಿಸ್ಟರಿನಲ್ಲಿ ಒಂದು ಬೆಳಗ್ಗೆ, ಕನ್ನಡಕವನ್ನು ಸದಾ ಹಣೆಯ ಮೇಲೇ ಇಟ್ಟುಕೊಳ್ಳುತ್ತಿದ್ದ ಹಿರಿಯ ಮೇಷ್ಟ್ರು ಎಲ್ಲರಿಗೂ ಒಂದೊಂದು ಲೇಖನ ಹಂಚಿದರು. ಲೇಖಕಿ ತಂಗಿ. ವಿದೇಶದ ಪತ್ರಿಕೆಯಲ್ಲಿ ಅಚ್ಚಾಗಿತ್ತು. ನಾಲ್ಕನೇ ಪುಟದಲ್ಲಿ ಕೆಂಪು ದೀಪ ಉರಿಯುತ್ತಿತ್ತು.

“ಈ ಭಾಗ ಗಮನಿಸಿ” ಅಂದರು ಮೇಷ್ಟ್ರು. “ಒಂದು ಪುಟ್ಟ ಬಲ್ಬು ಮನುಷ್ಯರ ಬಾಯಾರಿಕೆಯನ್ನೇ ಆಳೋದು ನೋಡಿ. ಇಂಥ ಸಾಕ್ಷ್ಯ ನೂರು ಸಿದ್ಧಾಂತಕ್ಕೆ ಸಮ.”

ಮುಂದಿನ ಬೆಂಚಿನ ಹುಡುಗಿ, “ಆ ಸೂಪರ್‌ವೈಸರ್ ಎಂಥಾ ಕಟುಕಿ ಇರ್ಬೇಕು ಸಾರ್” ಅಂದಳು. ಇನ್ನೊಬ್ಬ, “ಬರೀ ಅವಳನ್ನ ಅಂದ್ರೆ ಏನು ಬಂತು, ವ್ಯವಸ್ಥೆನೇ ಹಾಗೆ” ಅಂದ. ಅರ್ಧ ಗಂಟೆ ಚರ್ಚೆ ನಡೆಯಿತು. ಇಪ್ಪತ್ತೆರಡು ಜನ ಅವಳ ಸುಳ್ಳನ್ನು ಹಿಡಿದು ಅತ್ತಿತ್ತ ಎಳೆದಾಡಿದರು. ಮೇಷ್ಟ್ರು ಕನ್ನಡಕ ಇಳಿಸಿ ಹಿಂದಿನ ಬೆಂಚಿನ ಕಡೆ ನೋಡಿದರು. “ನೀವು ಎಕ್ಸ್‌ಚೇಂಜಲ್ಲೇ ಇದ್ರಿ ಅಲ್ವೇ ಅಮ್ಮ? ಏನಾದ್ರೂ ಹೇಳ್ತೀರಾ?”

ನಂಬರಕ್ಕ ಎದ್ದು ನಿಂತಳು. “ಇಲ್ಲ ಸಾರ್. ಎಲ್ಲ ಬರ್ದಿದ್ದಾಳಲ್ಲ” ಎಂದು ಕುಳಿತುಬಿಟ್ಟಳು.

ಅಷ್ಟಕ್ಕೇ ಮುಗಿದಿದ್ದರೆ ಬಹುಶಃ ಆ ಸುಳ್ಳು ಅವಳೊಂದಿಗೇ ಮಣ್ಣಾಗುತ್ತಿತ್ತು. ಆದರೆ ಒಂದು ಭಾನುವಾರದ ಪುರವಣಿಯಲ್ಲಿ ಲೇಖನದ ಸಾರ ಬಂತು. ಜೊತೆಗೆ ಎಕ್ಸ್‌ಚೇಂಜಿನ ಹಳೆಯ ಫೋಟೊ. ಬೋರ್ಡುಗಳ ಸಾಲಿನ ಹಿಂದೆ ಕೈಕಟ್ಟಿ ನಿಂತಿದ್ದ ತೆಳ್ಳನೆಯ ಹೆಂಗಸು ಯಾರು ಎಂದು ಆ ಊರಿನ ಹಳಬರಿಗೆಲ್ಲ ಗೊತ್ತಿತ್ತು.

ಮೂರು ದಿನ ಬಿಟ್ಟು, ಒಂದು ಕಾಲದಲ್ಲಿ ಪಕ್ಕದ ಬೋರ್ಡಿನಲ್ಲಿ ಕೂರುತ್ತಿದ್ದವಳು ಫೋನ್ ಮಾಡಿದಳು. “ಪೇಪರ್ ನೋಡಿದ್ಯಾ? ಯಾವ ಪುಣ್ಯಾತ್ಗಿತ್ತಿ ಹೇಳಿದ್ದೋ ಇದನ್ನ! ಸೂಪರ್‌ವೈಸರಮ್ಮನ ಮೊಮ್ಮಗಳು ಪೇಪರ್ ಹಿಡ್ಕೊಂಡು ಬಂದು, ‘ಅಜ್ಜಿ, ನೀನು ಹೀಗೆ ಮಾಡ್ತಿದ್ಯಾ’ ಅಂತ ಕೇಳಿದ್ಲಂತೆ. ಆವತ್ತಿಂದ ಆಯಮ್ಮ ಹೊರಗೆ ವಾಕಿಂಗಿಗೂ ಬರ್ತಿಲ್ಲ.”

ನಂಬರಕ್ಕ ರಿಸೀವರ್ ಇಟ್ಟವಳು ಅಲ್ಲೇ ಗೋಡೆಗೊರಗಿ ಕುಳಿತಳು. ತಂಗಿಗೆಂದು ತೋಡಿದ ಗುಂಡಿಯಲ್ಲಿ ಎಂಬತ್ತರ ಮುದುಕಿಯೊಬ್ಬಳು ಬಿದ್ದಿದ್ದಳು.

ಮರುದಿನ ಬೆಳಗ್ಗೆಯೇ ಹೋದಳು. ಸೂಪರ್‌ವೈಸರಮ್ಮನ ಮನೆ ಮೂರನೇ ಮಹಡಿಯಲ್ಲಿ. ಬಾಗಿಲು ತೆರೆದ ಮುದುಕಿ, “ನಾನಮ್ಮ” ಅಂದ ಧ್ವನಿಯಿಂದಲೇ ಗುರುತು ಹಿಡಿದಳು. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು.

“ಹನ್ನೊಂದನೇ ಬೋರ್ಡು ಅಲ್ವಾ? ಬಾ ಒಳಗೆ.” ಕುರ್ಚಿ ತೋರಿಸಿ, ಕೂರುವ ಮೊದಲೇ ಕೇಳಿದಳು. “ನಾನು ಹಾಗೆ ಮಾಡಿದ್ನಾ? ನಂಗೆ ಈಗೀಗ ಮರೆವು. ನಾಲ್ಕು ದಿನದಿಂದ ಯೋಚಿಸ್ತಿದೀನಿ. ಮಾಡಿದ್ರೂ ಮಾಡಿರಬಹುದು, ಮರ್ತಿರಬಹುದು ಅಂತ. ನೀನು ಹೇಳು. ಮಾಡಿದ್ನಾ?”

ಬೈಗುಳ ತಿನ್ನಲು ಸಿದ್ಧವಾಗಿ ಬಂದಿದ್ದ ನಂಬರಕ್ಕನಿಗೆ ಈ ಪ್ರಶ್ನೆ ಎದೆಗೆ ಬಂದು ಬಡಿಯಿತು. ತನ್ನ ಸುಳ್ಳು ಮುದುಕಿಯ ನೆನಪಿನೊಳಗೇ ಕೈಹಾಕಿತ್ತು.

“ಇಲ್ಲಮ್ಮ. ಒಂದು ಸಲವೂ ಇಲ್ಲ. ಅದು ನಾನು ಹುಟ್ಟಿಸಿದ ಸುಳ್ಳು.”

“ನನ್ನ ಮೇಲೆ ಏನು ಸಿಟ್ಟಿತ್ತು ನಿಂಗೆ?” ಅಂದಳು ಮುದುಕಿ.

“ನಿಮ್ಮ ಮೇಲಲ್ಲ. ನನ್ನ ತಂಗಿ ಮೇಲೆ.”

“ಸರಿಹೋಯ್ತು” ಅಂದಳು ಮುದುಕಿ. “ಹಾಗಿದ್ರೆ ಇದನ್ನ ನನ್ನ ಮೊಮ್ಮಗಳ ಮುಂದೆ ಹೇಳು. ಶಾಲೆಯಿಂದ ನಾಲ್ಕೂವರೆಗೆ ಬರ್ತಾಳೆ. ಅಲ್ಲೀವರೆಗೆ ಕೂತಿರು.”

ನಂಬರಕ್ಕ ನಾಲ್ಕೂವರೆಯವರೆಗೆ ಕೂತಳು. ಮುದುಕಿ ಅವಳನ್ನು ಮತ್ತೆ ಮಾತಾಡಿಸಲಿಲ್ಲ. ಒಂದು ಲೋಟ ನೀರು ಬೇಕಾ ಎಂದೂ ಕೇಳಲಿಲ್ಲ. ಹುಡುಗಿ ಬಂದಳು, ಶೂ ಬಿಚ್ಚುತ್ತಿದ್ದ ಹಾಗೆಯೇ ಎಲ್ಲವನ್ನೂ ಕೇಳಿಸಿಕೊಂಡಳು. “ದೊಡ್ಡವರೂ ಹೀಗೆ ಮಾಡ್ತಾರಾ?” ಎಂದು ಅಜ್ಜಿಯನ್ನು ಕೇಳಿದಳು. “ದೊಡ್ಡವರೇ ಮಾಡೋದು” ಅಂದಳು ಅಜ್ಜಿ.

ಅಲ್ಲಿಂದ ನೇರ ವಿಭಾಗಕ್ಕೆ. ತಂಗಿ ತನ್ನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಇದ್ದಳು. ಆ ಲೇಖನವೇ ಪುಸ್ತಕದ ಮೊದಲ ಅಧ್ಯಾಯವಾಗುವುದಿತ್ತು. ಕರಡು ಮೇಜಿನ ಮೇಲೆ ಹರಡಿತ್ತು.

“ಕೆಂಪು ದೀಪ ಸುಳ್ಳು ಕಣೆ” ಅಂದಳು ನಂಬರಕ್ಕ, ನಿಂತೇ. “ಕರೆಂಟ್ ಹೋದ್ರೆ ಹತ್ತೋ ದೀಪ ಅದು. ನಾನು ಬೇಕಂತ ಹೇಳಿದ್ದು.”

ತಂಗಿ ನಕ್ಕಳು. ಆಮೇಲೆ ಅಕ್ಕನ ಮುಖ ನೋಡಿ ನಗು ನಿಲ್ಲಿಸಿದಳು.

“ಯಾಕೆ?”

“ಹೊಟ್ಟೆ ಉರೀತಿತ್ತು.”

“ನನ್ನ ಕಂಡ್ರಾ?”

“ಮತ್ತಿನ್ಯಾರ ಕಂಡ್ರೆ? ನಾನು ಕೂತು ಕೂತು ಸೊಂಟ ಹಿಡಿಸ್ಕೊಂಡಿದ್ದನ್ನ ನೀನು ನಿಂತು ಒಂದು ಗಂಟೆ ಹೇಳಿದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ನನ್ನ ಪಕ್ಕದಲ್ಲಿದ್ದೋಳು ಅತ್ತೇಬಿಟ್ಲು. ನಾನು ಹೇಳಿದ್ರೆ ಯಾರು ಅಳ್ತಾರೆ? ನಿನ್ನ ಭಾವನೂ ಅಳಲ್ಲ.”

ತಂಗಿಯ ಮುಖ ಕೆಂಪಾಯಿತು. “ನಾನು ಇದನ್ನ ಐದು ಕಡೆ ಹೇಳಿದೀನಿ ಅಕ್ಕ. ಬೇರೆಯವರು ತಮ್ಮ ಬರಹದಲ್ಲಿ ಉದಾಹರಿಸಿದಾರೆ. ನಿಂಗೆ ಗೊತ್ತಾ ಇದು ಎಲ್ಲಿಗೆ ಹೋಗುತ್ತೆ ಅಂತ? ನನ್ನ ಕೆಲಸ, ನನ್ನ ಮಾತು, ಎಲ್ಲಾನೂ ಜನ ಅನುಮಾನದಿಂದ ನೋಡ್ತಾರೆ. ಇಪ್ಪತ್ತು ವರ್ಷ!” ಮೇಜಿನ ಮೇಲಿನ ಕರಡನ್ನು ಒಟ್ಟುಮಾಡುತ್ತ, ತನಗೇ ಹೇಳಿಕೊಳ್ಳುವಂತೆ ಅಂದಳು: “ಇನ್ನೊಬ್ಬ ಆಪರೇಟರನ್ನ ಕೇಳ್ಬೇಕಿತ್ತು. ಮೊದಲನೇ ವರ್ಷದ ಮಕ್ಕಳಿಗೆ ಅದನ್ನೇ ಹೇಳಿಕೊಡ್ತೀನಿ. ನಿನ್ನ ಮಾತು ಅಂತ ಕೇಳಲಿಲ್ಲ.” ಆಮೇಲೆ ತಲೆಯೆತ್ತದೆಯೇ, “ಹೋಗು ಅಕ್ಕ. ಈಗ ಹೋಗು” ಅಂದಳು.

ತಂಗಿ ಮುಚ್ಚಿಡಲಿಲ್ಲ. ಲೇಖನಕ್ಕೆ ತಿದ್ದುಪಡಿ ಕಳಿಸಿದಳು, ಪೇಪರಿಗೆ ತಪ್ಪೊಪ್ಪಿಗೆಯ ಪತ್ರ ಬರೆದಳು. ‘ನನಗೆ ಸಿಕ್ಕ ಮಾಹಿತಿಯನ್ನು ನಾನು ಪರಿಶೀಲಿಸಲಿಲ್ಲ’ ಎಂದಿತ್ತೇ ಹೊರತು ಯಾರು ಹೇಳಿದ್ದು ಎಂದು ಇರಲಿಲ್ಲ. ಪುಸ್ತಕ ಒಂದು ವರ್ಷ ಮುಂದೆ ಹೋಯಿತು. ಒಂದು ದೊಡ್ಡ ಸಮ್ಮೇಳನದವರು ಅವಳ ಆಹ್ವಾನವನ್ನು ಹಿಂತೆಗೆದುಕೊಂಡರು. ತನ್ನ ಹೆಸರು ಬರೆಯದ ಆ ಪತ್ರ ಓದಿದಾಗಲೂ ನಂಬರಕ್ಕನಿಗೆ ಮೊದಲು ಅನಿಸಿದ್ದು ಇದು: ದೊಡ್ಡತನದಲ್ಲೂ ಇವಳೇ ಮುಂದೆ. ಈ ಯೋಚನೆಗೆ ತಾನೇ ನಾಚಿ ಪೇಪರು ಮಡಿಸಿಟ್ಟಳು.

ಭಾನುವಾರಗಳು ಖಾಲಿಯಾದವು. ಅಡುಗೆಮನೆಯ ಸ್ಟೂಲನ್ನು ಗಂಡ ಒಯ್ದು ಅಂಗಡಿಯಲ್ಲಿ ಹಾಕಿಕೊಂಡ. ನಂಬರಕ್ಕ ವಿಭಾಗದ ಮುಖ್ಯಸ್ಥರ ಮುಂದೆಯೂ ಎಲ್ಲ ಹೇಳಿದಳು. ಹೊರಹಾಕುತ್ತಾರೆ ಎಂದುಕೊಂಡಿದ್ದಳು. ಮುಖ್ಯಸ್ಥರೆಂದರೆ ಹಣೆಯ ಮೇಲೆ ಕನ್ನಡಕದ ಅದೇ ಮೇಷ್ಟ್ರು. ಅವರು ಮಾತ್ರ, “ನೀವು ವಿದ್ಯಾರ್ಥಿಯಾಗೋ ಮೊದಲು ಹೇಳಿದ ಸುಳ್ಳಿಗೆ ನಮ್ಮಲ್ಲಿ ಶಿಕ್ಷೆ ಇಲ್ಲ ಅಮ್ಮ. ಆದ್ರೆ ಅವತ್ತು ತರಗತಿಲಿ ಎದ್ದು ನಿಂತು ಸುಮ್ಮನಿದ್ರಲ್ಲ, ಅದಕ್ಕೆ ಆ ಇಪ್ಪತ್ತೆರಡು ಜನರ ಮುಂದೆ ಉತ್ತರ ಕೊಡ್ಬೇಕು” ಅಂದರು. ಕೊಟ್ಟಳು. ಮುಂದಿನ ಬೆಂಚಿನ ಹುಡುಗಿ ಒಂದು ತಿಂಗಳು ಅವಳತ್ತ ತಿರುಗಿ ನೋಡಲಿಲ್ಲ.

ಕೊನೆಯ ವರ್ಷದ ಪ್ರಬಂಧಕ್ಕೆ ಅವಳು ಎಕ್ಸ್‌ಚೇಂಜನ್ನೇ ಆರಿಸಿಕೊಂಡಳು. ಈ ಸಲ ಹದಿನೇಳು ಜನರನ್ನು ಮಾತಾಡಿಸಿದಳು. ಒಬ್ಬರು ಹೇಳಿದ್ದನ್ನು ಇನ್ನಿಬ್ಬರಲ್ಲಿ ಕೇಳಿ ಬರೆದಳು. ಸೂಪರ್‌ವೈಸರಮ್ಮನ ಮನೆಗೆ ಆರು ಸಲ ಹೋದಳು. ನಾಲ್ಕನೇ ಸಲ ಮುದುಕಿ ಚಹಾ ಕೊಟ್ಟಳು. ತಾನು ಬೋರ್ಡಿಗೆ ಬಂದು ಕೂರುತ್ತಿದ್ದದ್ದು ನಿಯಮಕ್ಕೆ ವಿರುದ್ಧವಾಗಿತ್ತು, ಮೇಲಿನವರಿಗೆ ತಿಳಿಯದಿರಲೆಂದು ಆ ನಿಮಿಷಗಳ ದಾಖಲೆಯನ್ನು ತಾನೇ ತಿದ್ದಿ ಬರೆಯುತ್ತಿದ್ದೆ ಎಂದು ಅವತ್ತು ಹೇಳಿದಳು. ನಂಬರಕ್ಕ ಹುಟ್ಟಿಸಿದ್ದ ಕತೆಗಿಂತ ಇದು ಹತ್ತು ಪಾಲು ಬಲವಾಗಿತ್ತು. ಯಂತ್ರದ ಲೆಕ್ಕವನ್ನು ಮನುಷ್ಯರು ಹೇಗೆ ಸದ್ದಿಲ್ಲದೆ ಬಗ್ಗಿಸಿಕೊಂಡರು ಎಂಬುದೇ ಪ್ರಬಂಧದ ತಿರುಳಾಯಿತು. ಪ್ರಥಮ ದರ್ಜೆ ಬಂತು. ಪ್ರಥಮ ಸ್ಥಾನ ಬರಲಿಲ್ಲ, ಅದು ಮುಂದಿನ ಬೆಂಚಿನ ಹುಡುಗಿಗೆ ಹೋಯಿತು. ಅದಕ್ಕೂ ಎರಡು ದಿನ ಹೊಟ್ಟೆ ಉರಿಯಿತು.

ಫಲಿತಾಂಶ ಬಂದ ಮೇಲೆ ಒಂದು ಸಂಜೆ ತಂಗಿ ಬಂದಳು. ಹನ್ನೊಂದು ತಿಂಗಳ ನಂತರ. ಒಳಗೆ ಬರದೆ ಭಾವನ ಅಂಗಡಿಯಲ್ಲೇ ಕುಳಿತಳು. ಕೈಯಲ್ಲಿ ಅಕ್ಕನ ಪ್ರಬಂಧದ ಪ್ರತಿ, ಪುಟಪುಟಕ್ಕೂ ಪೆನ್ಸಿಲ್ ಗುರುತು.

“ಸೂಪರ್‌ವೈಸರಮ್ಮನ ಭಾಗ ನನ್ನ ಪುಸ್ತಕಕ್ಕೆ ಬೇಕು” ಅಂದಳು. “ನಿನ್ನ ಹೆಸರು ಹಾಕಿ. ನಿನ್ನ ಪ್ರಬಂಧದಿಂದ ಅಂತ. ಒಪ್ಪಿಗೆ ಪತ್ರ ತಂದಿದೀನಿ. ಓದಿ ಸಹಿ ಹಾಕು. ಬೇಡ ಅಂದ್ರೆ ಬೇಡ.”

ನಂಬರಕ್ಕ ಪತ್ರವನ್ನು ಎರಡು ಸಲ ಓದಿದಳು. “ಸೂಪರ್‌ವೈಸರಮ್ಮನ್ನ ಕೇಳಿದ್ಯಾ?”

“ನಿನ್ನೆ ಹೋಗಿದ್ದೆ. ಪಕ್ಕದ ಬೋರ್ಡಿನವರನ್ನೂ ಕೇಳಿದೆ. ಇನ್ನಿಬ್ಬರನ್ನೂ.”

“ನನ್ನ ಮೇಲೆ ಇನ್ನೂ ನಂಬಿಕೆ ಇಲ್ಲ ಅನ್ನು.”

“ಇಲ್ಲ” ಅಂದಳು ತಂಗಿ. “ಸ್ವಲ್ಪ ದಿನ ಬೇಕು.”

ನಂಬರಕ್ಕ ಸಹಿ ಹಾಕಿದಳು. ಗಂಡ ಭೂತಗನ್ನಡಿ ತೆಗೆದು ಇಬ್ಬರನ್ನೂ ನೋಡಿ, ಚಹಾ ಮಾಡಲು ತಾನೇ ಎದ್ದು ಒಳಗೆ ಹೋದ. ಅದನ್ನು ಕಂಡು ಅಕ್ಕ ತಂಗಿ ಇಬ್ಬರೂ ಒಟ್ಟಿಗೇ ಬೆರಗಾದರು.

ಈಗ ನಂಬರಕ್ಕ ಪ್ರತಿ ಗುರುವಾರ ವಿಭಾಗಕ್ಕೆ ಹೋಗುತ್ತಾಳೆ. ಕೆಲಸಗಾರರನ್ನು ಮಾತಾಡಿಸುವುದು ಹೇಗೆ, ಅವರು ಹೇಳಿದ್ದನ್ನು ಪರೀಕ್ಷಿಸುವುದು ಹೇಗೆ ಎಂದು ಮೊದಲ ವರ್ಷದವರಿಗೆ ಅತಿಥಿಯಾಗಿ ಹೇಳಿಕೊಡುತ್ತಾಳೆ. ತನ್ನ ಸುಳ್ಳಿನ ಕತೆಯನ್ನು ಮೊದಲ ದಿನವೇ ಹೇಳಿ ಮುಗಿಸುತ್ತಾಳೆ. ಅವಳ ತರಗತಿಯಲ್ಲಿ ಹನ್ನೊಂದು ಜನ ವಿದ್ಯಾರ್ಥಿಗಳು. ಎದುರಿನ ಕೋಣೆಯಲ್ಲಿ ಅದೇ ಹೊತ್ತಿಗೆ ತಂಗಿಯ ಪಾಠ. ನಂಬರಕ್ಕ ಒಳಗೆ ಹೋಗುವ ಮೊದಲು ಆ ಬಾಗಿಲಿನ ಗಾಜಿನಿಂದ ಒಮ್ಮೆ ಇಣುಕುತ್ತಾಳೆ. ಎಷ್ಟು ಜನ ಎಂದು ಎಣಿಸುತ್ತಾಳೆ. ಕಳೆದ ವಾರ ನಲವತ್ತಾರು ಇದ್ದರು, ಇಬ್ಬರು ನಿಂತುಕೊಂಡಿದ್ದರು.